ಹೆಬ್ಬೆಟ್ಟು ಕೊಟ್ಟವನು, ಕೊಂಡಿ ಹಾಕಿದವಳು

ಮೀನಾ, ನಿನ್ನ ಮುತ್ತಜ್ಜನ ಹೆಬ್ಬೆರಳನ್ನು ಯಾವ ಬಿಳಿಯನೂ ಕತ್ತರಿಸಲಿಲ್ಲ. ಕತ್ತರಿಸಿದವಳು ನಾನು — ಆತ ಸತ್ತು ಎಷ್ಟೋ ವರ್ಷಗಳಾದ ಮೇಲೆ, ಕಲ್ಕತ್ತೆಯ ಗರಿಯಾಹಾಟಿನ ಹತ್ತಿರದ ಒಂದು ಶಾಲೆಯ ಹಾಲಿನಲ್ಲಿ, ತುಂಬಿದ ಸಭೆಯ ಮುಂದೆ, ಬರೀ ತಲೆಯಾಡಿಸಿ.

ಆತ ಬದುಕಿದ್ದಷ್ಟು ಕಾಲ ಎರಡೂ ಕೈಗಳ ಬೆರಳು ನೆಟ್ಟಗಿದ್ದವು. ನಿನ್ನ ಅಜ್ಜಿ ನೀಲವ್ವಾಯಿಯೇ, ನಾವೆಲ್ಲ ಆಯಿ ಎನ್ನುತ್ತಿದ್ದವಳು, ನನಗೆ ಹೇಳಿದ್ದಳು — ಕೊನೆಗಾಲದಲ್ಲಿ ಅವಳಪ್ಪ ಅದೇ ಹೆಬ್ಬೆರಳಿನಿಂದ ಅಂಗೈಯಲ್ಲಿ ತಂಬಾಕು ತಿಕ್ಕುತ್ತ ಕಟ್ಟೆಯ ಮೇಲೆ ಕೂತಿರುತ್ತಿದ್ದನಂತೆ. ಇದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ಹೋಗುತ್ತ ಹೋಗುತ್ತ ನನ್ನ ಪರವಾಗಿ ನಾನೇ ಏನಾದರೂ ಕಥೆ ಕಟ್ಟಿಕೊಂಡೇನು.

ಹೋದ ವಾರ ನೀನು ಫೋನು ಮಾಡಿದೆ. ಕಸ್ಬಾದಲ್ಲಿ ನೀನೂ ನಿನ್ನ ಗೆಳತಿಯರೂ ಸೇರಿ ಕೈಮಗ್ಗದ ಪ್ರದರ್ಶನ ಇಡುತ್ತಿದ್ದೀರಿ, ಬಾಗಿಲಲ್ಲೇ ಹೆಬ್ಬೆರಳಿಲ್ಲದ ಒಂದು ಕೈಯ ಚಿತ್ರ ಹಾಕುತ್ತೀರಿ. "ಮಾಶಿ, ಆಯೀ ಫಾದರ್‌ದು ಥಂಬ್ ಕಟ್ ಮಾಡಿದ್ರಲ್ಲಾ, ಆ ಸ್ಟೋರಿ ನೀವೇ ಹೇಳಬೇಕು. ಆವತ್ತ ನೀವೇ ಟ್ರಾನ್ಸ್‌ಲೇಟ್ ಮಾಡಿದ್ದಲ್ಲಾ?" ಎಂದೆ. ನಾನು ನೋಡೋಣ ಎಂದು ಫೋನಿಟ್ಟೆ. ಆಮೇಲೆ ಒಲೆಯ ಮೇಲಿಟ್ಟ ಹಾಲು ಉಕ್ಕಿ ಹರಿದು ನೆಲಕ್ಕೆ ಬಂದರೂ ಅಲ್ಲೇ ನಿಂತಿದ್ದೆ.

ನಿನಗೆ ಕನ್ನಡ ಓದಲು ಬರುವುದಿಲ್ಲ, ಗೊತ್ತು. ಎದುರು ಕೂತು ನಾನೇ ಓದಿ ಹೇಳುತ್ತೇನೆ; ಕೇಳಿದರೆ ನಿನಗೆ ಎಲ್ಲವೂ ತಿಳಿಯುತ್ತದೆ. ಬಂಗಾಳಿಯಲ್ಲೇ ಬರೆಯಬಹುದಿತ್ತು, ಬರೆಯಲು ಕೂತಿದ್ದೆ ಕೂಡ. ಆದರೆ ಬಂಗಾಳಿಗೆ ಕಾಲಿಟ್ಟ ಕೂಡಲೇ ನನ್ನ ಮಾತು ಚೆಂದವಾಗಿಬಿಡುತ್ತದೆ — ಮೆಚ್ಚಿಸುವ ಹಂಬಲ ಬಂದುಬಿಡುತ್ತದೆ. ಅದೇ ಹಂಬಲ ಅವತ್ತು ಆಯಿಯ ಮಾತನ್ನು ತಿಂದುಹಾಕಿದ್ದು. ಅದಕ್ಕೇ ಇದು ಅವಳ ಭಾಷೆಯಲ್ಲೇ ಇರಲಿ.

ಎಡಪಕ್ಷದ ಸರ್ಕಾರ ಬಂದು ಆಗ ಕೆಲವೇ ವರ್ಷ. ಈಗಿನಂತೆ ಜನ ಬೇಸತ್ತಿರಲಿಲ್ಲ. ಗೋಡೆಗೋಡೆಯ ಮೇಲೂ ಕೆಂಪಕ್ಷರ, ದಿನಕ್ಕೊಂದು ಮೆರವಣಿಗೆ, ಕರೆಂಟು ಹೋದರೂ ಚರ್ಚೆ ನಿಲ್ಲದ ಚಹದಂಗಡಿಗಳು. ನಾನು ಓದು ಮುಗಿಸಿ ಕೆಲಸ ಹುಡುಕುತ್ತಿದ್ದ ಹುಡುಗಿ. ಸಿಯಾಲ್ದಾದ ರೈಲ್ವೆ ಕ್ವಾರ್ಟರ್ಸಿನಲ್ಲಿ ಮೇಲಿನ ಮನೆ ನಮ್ಮದು, ಕೆಳಗಿನದು ನಿಮ್ಮದು. ನಮ್ಮಪ್ಪ ಧಾರವಾಡದವರು, ನಿಮ್ಮಪ್ಪ ಬಸವರಾಜಣ್ಣ ಇಳಕಲ್ಲಿನ ಕಡೆಯವರು, ಇಬ್ಬರೂ ರೈಲ್ವೆ. ನೀನಿನ್ನೂ ಕೈಗೂಸು. ನಿನ್ನನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದ ನೀಲವ್ವಾಯಿ ಅದಕ್ಕೂ ಮೊದಲು ನನ್ನನ್ನೂ ಎತ್ತಿ ಆಡಿಸಿದವಳು. ನನ್ನಮ್ಮನಿಗೆ ಜ್ವರ ಬಂದರೆ ನಮ್ಮ ಮನೆಗೂ ಅವಳದೇ ರೊಟ್ಟಿ.

ಆದರೆ ಕ್ವಾರ್ಟರ್ಸಿನ ಗೇಟು ದಾಟಿದರೆ ನಾವೆಲ್ಲ "ಮಾದ್ರಾಜಿ"ಗಳು. ಶಾಲೆಯಲ್ಲಿ, ಬಸ್ಸಿನಲ್ಲಿ, ತರಕಾರಿಯವನ ಹತ್ತಿರ. ಧಾರವಾಡ ಎಲ್ಲಿ, ಮದ್ರಾಸು ಎಲ್ಲಿ! ಹೇಳಿ ಹೇಳಿ ಬಾಯಿ ಸೋತಿತ್ತು. ನಾನು ಇಲ್ಲೇ ಹುಟ್ಟಿದವಳು, ಅವರಿಗಿಂತ ಚೆನ್ನಾಗಿ ಬಂಗಾಳಿ ಮಾತಾಡುತ್ತಿದ್ದೆ — "ಓ ಮಾ, ಮಾದ್ರಾಜಿ ಹುಡುಗಿ ಎಷ್ಟು ಚೆಂದ ಮಾತಾಡುತ್ತಾಳೆ" ಎಂದು ಮೆಚ್ಚುಗೆ ಬೇರೆ. ಆ ಮೆಚ್ಚುಗೆ ಬಂದಾಗಲೆಲ್ಲ ಕಪಾಳಕ್ಕೆ ಹೊಡೆದಂತಾಗುತ್ತಿತ್ತು. ಆದರೂ ಇನ್ನಷ್ಟು ಬೇಕೆನಿಸುತ್ತಿತ್ತು.

ಹಾಗೆ ಕರೆಯದಿದ್ದವರು ಶುಭ್ರಾದಿ ಒಬ್ಬರೇ. ನನಗೆ ಕಾಲೇಜಿನಲ್ಲಿ ಪಾಠ ಹೇಳಿದವರು, ಗರಿಯಾಹಾಟಿನ ಕಡೆ ಹೆಂಗಸರದೊಂದು ಸಂಘ ನಡೆಸುತ್ತಿದ್ದರು. ದೊಡ್ಡ ಕುಂಕುಮ, ಮಾಸಲು ಬಣ್ಣದ ತಾಂತ್ ಕೈಮಗ್ಗದ ಸೀರೆ, ಗಂಡಸರು ಮಾತಾಡುವಾಗ ನಡುವೆ ಬಾಯಿ ಹಾಕುವ ಧೈರ್ಯ. ಅವರು ನನ್ನ ಹೆಸರು ಹಿಡಿದು ಕರೆದರೆ ಅವತ್ತಿನ ದಿನವೇ ಬೇರೆ. ಒಂದು ಸಲ ಅವರು ಸಭೆಯೊಂದನ್ನು ಗೊತ್ತುಮಾಡಿದರು: ಬಿಳಿಯರ ಆಳ್ವಿಕೆಯಲ್ಲಿ ನೇಕಾರರು ಪಟ್ಟ ಪಾಡು, ಆ ಮನೆತನದ ಹಿರಿಯರ ಬಾಯಿಂದಲೇ. ಶಾಂತಿಪುರದಿಂದ ಒಬ್ಬರು, ಢಾಕಾದಿಂದ ದೇಶ ಬಿಟ್ಟು ಬಂದ ಮನೆಯವರೊಬ್ಬರು. ನಾನು ತಡೆಯಲಾರದೆ ಹೇಳಿಬಿಟ್ಟೆ — ನಮ್ಮವರಲ್ಲೂ ಒಬ್ಬರಿದ್ದಾರೆ, ಕರೆತರುತ್ತೇನೆ. ಆಯಿಯನ್ನು ಕೇಳಿರಲೇ ಇಲ್ಲ.

ಕೇಳಿದಾಗ ಅವಳು ಜೋಳದ ಹಿಟ್ಟು ನಾದುತ್ತಿದ್ದಳು. "ಹುಚ್ಚಿ ಅದಿ ಏನ? ನಾ ಎಲ್ಲಿ, ಆ ಮಂದಿ ಎಲ್ಲಿ" ಎಂದು ನಕ್ಕಳು. ನಾನು ಬಿಡಲಿಲ್ಲ. ಅವರು ನೇಕಾರರ ಕಷ್ಟ ಕೇಳುವವರು, ನಿನ್ನಂಥವರ ಮಾತನ್ನೇ ಕೇಳಬೇಕೆಂದಿದ್ದಾರೆ ಎಂದೆಲ್ಲ ಪೂಸಿ ಹೊಡೆದೆ. ಹಿಟ್ಟು ನಾದುವ ಕೈ ನಿಂತಿತು. ಕೇಳಿದಳು: "ಹೇಳೂದಾದ್ರ ಪೂರಾ ಹೇಳತೀನಿ. ನಮ್ಮವ್ವನ ಹೆಸರ ಹೇಳತೀನಿ. ನೀ ಹಂಗs ಹೇಳತೀಯೇನು ಅವರಿಗೆ?"

ಹೇಳುತ್ತೇನೆ ಎಂದೆ. ಕೈಯ ಮೇಲೆ ಕೈಯಿಟ್ಟು ಹೇಳಿದೆ. ಅವಳ ಕೈ ಹಿಟ್ಟಾಗಿತ್ತು, ನನ್ನದೂ ಆಯಿತು.

ಆಮೇಲೆ ಆಯಿ ಹೇಳಿದ್ದು ಇಷ್ಟು. ಅವಳ ಹಾಗೆ ಹೇಳಲು ನನಗೆ ಬಾರದು, ನನ್ನ ಮಾತಿನಲ್ಲೇ ಕೇಳು. ಇಳಕಲ್ಲಿನ ಸೀರೆ ನೋಡಿದ್ದೀಯಲ್ಲ — ಮೈ ಹತ್ತಿಯದು, ಸೆರಗು ಕೆಂಪು ರೇಷ್ಮೆಯದು. ಎರಡರ ಹಾಸು, ಅಂದರೆ ಮಗ್ಗಕ್ಕೆ ಬಿಗಿಯುವ ಉದ್ದೆಳೆಗಳು, ಬೇರೆಬೇರೆ. ಮೈಯ ಹಾಸಿನ ಒಂದೊಂದು ಎಳೆಗೂ ಸೆರಗಿನ ಹಾಸಿನ ಒಂದೊಂದು ಎಳೆಯನ್ನು ಕುಣಿಕೆಯಲ್ಲಿ ಕುಣಿಕೆ ತೂರಿಸಿ ಕೂಡಿಸಬೇಕು. ಅದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಕೊಂಡಿ ಹಾಕುವವರು ಆ ಊರಿನಲ್ಲಿ ಬೇಕಾದಷ್ಟು ಜನ ಇದ್ದರು. ಆದರೆ ಆಯಿಯ ಅವ್ವ ಸಂಗವ್ವ ಹಾಕುವ ಕೊಂಡಿಯೇ ಬೇರೆ. ಹತ್ತಿ ಮುಗಿದು ರೇಷ್ಮೆ ಎಲ್ಲಿ ಶುರುವಾಯಿತೆಂದು ಕಣ್ಣಿಗೆ ಕಾಣಬಹುದು, ಸವರಿದರೆ ಬೆರಳಿಗೆ ಮಾತ್ರ ತಿಳಿಯದು. ಅವಳು ತನ್ನ ತಾಯಿಯಿಂದ ಕಲಿತದ್ದು, ಆ ತಾಯಿ ತನ್ನ ಅತ್ತೆಯಿಂದ. ಹೆಂಗಸರಿಂದ ಹೆಂಗಸರಿಗೇ ಬಂದ ವಿದ್ಯೆ. ಮದುವೆಯ ಸೀರೆ ನೇಯುವವರು ಹಾಸು ಹೊತ್ತುಕೊಂಡು ಅವಳ ಬಾಗಿಲಿಗೆ ಬರುತ್ತಿದ್ದರು, ಅವಳು ಒಪ್ಪಿಕೊಂಡರೆ ಪುಣ್ಯ.

ತಾಲೂಕಿಗೆ ಒಬ್ಬ ಸಾಹೇಬ ಬಂದ. ನೇಯ್ಗೆಯ ಶಾಲೆ ತೆರೆಯಬೇಕೆಂದಿದ್ದವನು. ಯಾರದೋ ಸೀರೆಯನ್ನು ಬೆಳಕಿಗೆ ಹಿಡಿದು, ಸವರಿ, ಈ ಕೊಂಡಿ ಯಾರು ಹಾಕಿದ್ದು ಎಂದು ಕೇಳಿದನಂತೆ. ನಿನ್ನ ಮುತ್ತಜ್ಜ ಅಲ್ಲೇ ಇದ್ದವನು "ನಾನು" ಎಂದ. ಯಾಕೆ ಹಾಗೆಂದನೋ. ಹೆಂಡತಿಯನ್ನು ಸಾಹೇಬನ ಮುಂದೆ ತಂದು ನಿಲ್ಲಿಸುವುದು ಆಗದ ಮಾತು, ಅದಿರಲಿ — ಅವನ ಹುಟ್ಟಿನಲ್ಲೇ ಅಷ್ಟು ದೊಡ್ಡವರು ಯಾರೂ ಅವನ ಕಸುಬನ್ನು ಬೆಳಕಿಗೆ ಹಿಡಿದು ನೋಡಿರಲಿಲ್ಲ. ಮನೆಗೆ ಬಂದವನು ಮೊದಲ ಸಲ ಹೆಂಡತಿಯ ಪಕ್ಕ ಕೂತ. ಕೊಂಡಿ ಹೇಗೆ ಹಾಕುತ್ತೀ ತೋರಿಸು ಎಂದ. ಸಂಗವ್ವನಿಗೆ ಎಲ್ಲಿಲ್ಲದ ಖುಷಿ, ಗಂಡ ತನ್ನ ಕೆಲಸ ನೋಡುತ್ತಿದ್ದಾನೆ ಎಂದು. ಬಿಡಿಸಿ ಬಿಡಿಸಿ ತೋರಿಸಿದಳು. ಕಲಿತವನು ಹೋಗಿ ಸಾಹೇಬನ ಬಂಗಲೆಯ ಪಡಸಾಲೆಯಲ್ಲಿ ಕೂತು ಅದನ್ನೇ ಹಾಕಿ ತೋರಿಸಿದ. ಒಬ್ಬ ಚಿತ್ರ ಬರೆದುಕೊಂಡ. ಇದು ನನ್ನ ವಿದ್ಯೆ, ಮನಸಾರೆ ಶಾಲೆಗೆ ಕೊಟ್ಟಿದ್ದೇನೆ ಎಂದು ಬರೆಸಿದ್ದರ ಕೆಳಗೆ ಹೆಬ್ಬೆಟ್ಟು ಒತ್ತಿದ.

ಶಾಲೆಯಲ್ಲಿ ಅದನ್ನು ಬಂದವರಿಗೆಲ್ಲ ಕಲಿಸಿದರು. ಒಂದೆರಡು ವರ್ಷದಲ್ಲಿ ಸಂಗವ್ವನ ಬಾಗಿಲಿಗೆ ಹಾಸು ಬರುವುದು ನಿಂತಿತು. ಬೇರೆ ಊರಿನ ಸೀರೆಯಲ್ಲಿ ತನ್ನದೇ ಕೊಂಡಿ ಕಂಡು ಅವಳು ಗಂಡನನ್ನು ಕೇಳಿದಳು. ಅವನು ಸುಳ್ಳು ಹೇಳಲಿಲ್ಲ. ಅವಳು ಬೈಯಲಿಲ್ಲ, ಅಳಲಿಲ್ಲ. ಆ ಮನೆಯಲ್ಲಿ ಮತ್ತೆ ಕೊಂಡಿ ಹಾಕಲಿಲ್ಲ, ಅಷ್ಟೇ. ಗಂಡ ತನ್ನ ಸೀರೆಗೆ ಕೊಂಡಿ ಹಾಕಿಸಲು ಕಂಡವರ ಮನೆಗೆ ಹಾಸು ಹೊರಬೇಕಾಯಿತು. ಕೆಲವು ದಿನ ಹೊತ್ತ, ಆಮೇಲೆ ಮಗ್ಗವನ್ನೇ ಬಿಟ್ಟ.

"ಕೊಂಡಿ ಹಾಕಾಕಿ ನಮ್ಮವ್ವ. ಹೆಬ್ಬಟ್ಟ ಕೊಟ್ಟಾಂವ ನಮ್ಮಪ್ಪ" ಎಂದಳು ಆಯಿ. "ಇದನ್ನ ನಾ ಒಮ್ಮೆ ಮಂದಿ ಮುಂದ ಹೇಳಬೇಕವಾ. ಮನಿಯವರ ಮುಂದ ಹೇಳಿದ್ರ ಏನ ಬಂತು? ಅಕಿ ಹೆಸರ ಮಂದಿ ಮುಂದ ಹೋಗೇತಿ, ಮಂದಿ ಮುಂದನs ಬರಬೇಕು."

ನಿನ್ನಪ್ಪನಿಗೂ ಅವಳು ಇದನ್ನು ಹೇಳಿರಲಿಲ್ಲ ಮೀನಾ. ನನಗೆ ಹೇಳಿದಳು, ನಾನು ಭಾಷೆ ಬಲ್ಲವಳು ಎಂದು.

ಸಭೆಯ ದಿನ ಅವಳು ತನ್ನ ಮದುವೆಯ ಕಾಲದ ಸೀರೆ ಉಟ್ಟು ಬಂದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ತುಟಿ ಅಲ್ಲಾಡುತ್ತಿತ್ತು. ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದಳು. ಶಾಲೆಯ ಹಾಲು ಜನರಿಂದ ಗಿಜಿಗುಡುತ್ತಿತ್ತು. ನಮಗಿಂತ ಮೊದಲು ಢಾಕಾದ ಮನೆತನದ ಮುದುಕರು ಮಾತಾಡಿದರು — ಇಲ್ಲಿ ಪ್ರತಿ ಮಗುವೂ ಕೇಳಿ ಬೆಳೆಯುವ ಆ ಕಥೆಯನ್ನೇ. ಉಂಗುರದೊಳಗೆ ತೂರುವಷ್ಟು ನವಿರಾದ ಮಲ್‌ಮಲ್ಲು, ಅದನ್ನು ನೇಯುವವರ ಹೆಬ್ಬೆರಳು ಕತ್ತರಿಸಿದ ಬಿಳಿಯರು. ಅದು ನಡೆದದ್ದೋ ಇಲ್ಲವೋ ಎಂದು ವಾದ ಮಾಡುವ ಪಂಡಿತರಿದ್ದಾರೆ, ಆ ಜಗಳ ನನ್ನದಲ್ಲ. ಹಾಲಿನಲ್ಲಿದ್ದವರ ಕಣ್ಣಲ್ಲಿ ನೀರಿತ್ತು, ಅದಷ್ಟೇ ನನಗೆ ಕಂಡದ್ದು.

ಆಮೇಲೆ ಆಯಿ ಎದ್ದಳು. ಮೈಕಿನ ಮುಂದೆ ಕೈಮುಗಿದು ಹೇಳಿದಳು: "ನಮ್ಮಪ್ಪ ಸಾಹೇಬನ ಮುಂದ ಹೆಬ್ಬಟ್ಟ ಕೊಟ್ಟ. ಅವತ್ತಿನಿಂದ ನಮ್ಮ ಮನ್ಯಾಗ ಕೊಂಡಿ ಬೀಳಲಿಲ್ಲ."

ನಾನು ಬಂಗಾಳಿಯಲ್ಲಿ ಹೇಳಿದೆ: ಬುಡೊ ಆಂಗುಲ್ ದಿಯೇಛಿಲೇನ್. ಹೆಬ್ಬೆರಳು ಕೊಟ್ಟರು.

ಬಂಗಾಳಿಯಲ್ಲಿ ಹಾಗೆ ಹೇಳುವುದಿಲ್ಲ. ಹೆಬ್ಬೆಟ್ಟು ಒತ್ತುವುದಕ್ಕೆ ಅವರಲ್ಲಿ ಟಿಪ್‌ಸೊಯಿ ಎನ್ನುತ್ತಾರೆ. ಚೆನ್ನಾಗಿ ಗೊತ್ತಿದ್ದ ಮಾತು — ಪಿಂಚಣಿಯ ದಿನ ಪೋಸ್ಟಾಫೀಸಿನಲ್ಲಿ ದಿನವಿಡೀ ಅದೇ ಕೂಗು. ಅವತ್ತು ಬಾಯಿಗೆ ಬರಲಿಲ್ಲ. ಈ ಒಂದು ಸಲ, ಇದೊಂದೇ ಸಲ, ಅದು ನಿಜವಾಗಿ ತಪ್ಪಿ ಬಂದದ್ದು. ಕನ್ನಡದ ಮಾತು ಕನ್ನಡದ ದಾಟಿಯಲ್ಲೇ ಬಂಗಾಳಿಗೆ ಜಾರಿತು. ಎಷ್ಟೋ ವರ್ಷ ಇಷ್ಟನ್ನೇ ಹಿಡಿದುಕೊಂಡು, ನಾಲಿಗೆ ತಪ್ಪಿತು ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿದ್ದೆ.

ಮುಂದಿನ ಸಾಲಿನಲ್ಲಿದ್ದ ಒಬ್ಬ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡಳು. ಶುಭ್ರಾದಿ ಅರ್ಧ ಎದ್ದು, ನನ್ನ ಮುಖವನ್ನೇ ನೋಡುತ್ತ ಮೆಲ್ಲನೆ ಕೇಳಿದರು: "ಕೇಟೆ ನಿಯೇಛಿಲ?" — ಕತ್ತರಿಸಿಬಿಟ್ಟಿದ್ದರಾ?

ಆಗ ಹೇಳಬಹುದಿತ್ತು. ಅಯ್ಯೋ ಇಲ್ಲ, ಟಿಪ್‌ಸೊಯಿ ಎನ್ನಬೇಕಿತ್ತು, ತಪ್ಪಾಯಿತು ಎಂದು ನಕ್ಕುಬಿಟ್ಟಿದ್ದರೆ ಮುಗಿದಿತ್ತು. ಜನವೂ ನಗುತ್ತಿದ್ದರು. ಆ ನಗುವಿಗೇ ನಾನು ಹೆದರಿದ್ದು — ಮಾದ್ರಾಜಿ ಹುಡುಗಿಯ ಬಂಗಾಳಿ ಕೇಳಿರಾ ಎಂಬ ನಗು. ಅದೊಂದೇ ಎಂದರೆ ಅದೂ ಸುಳ್ಳಾದೀತು. ಅಷ್ಟೂ ಮುಖಗಳು ನಮ್ಮ ಕಡೆ ತಿರುಗಿದ್ದವು. ನಮ್ಮವರೂ ಅವರ ಕಥೆಯೊಳಗೆ ಬಂದುಬಿಟ್ಟಿದ್ದೆವು, ಅವರದೇ ನೋವು ನಮ್ಮದೂ ಆಗಿತ್ತು, ಇನ್ನು ಯಾರೂ ನಮ್ಮನ್ನು ಹೊರಗಿನವರು ಎನ್ನುವಂತಿರಲಿಲ್ಲ — ನನಗೆ ಅದು — ಅದು ಬೇಕಾಗಿತ್ತು ಮೀನಾ.

ತಲೆಯಾಡಿಸಿದೆ.

ಆಯಿ ತನ್ನ ಮಾತಿನಲ್ಲೇ ಮುಳುಗಿದ್ದಳು, ಅವಳಿಗೆ ಇದೊಂದೂ ತಿಳಿಯಲಿಲ್ಲ. ಅವಳು ಮುಂದೆ ಹೇಳುತ್ತಿದ್ದಳು: ಕೊಂಡಿ ಹಾಕಾಕಿ ನಮ್ಮವ್ವ, ಸಂಗವ್ವ ಅಂತ ಅಕಿ ಹೆಸರು. ನಾನು ಬಂಗಾಳಿಯಲ್ಲಿ ಹೇಳಿದೆ: ಅವಳ ತಾಯಿ ಆ ನೋವಿನಲ್ಲೇ ಕೊರಗಿದಳು. ಅವಳು ಹೇಳಿದಳು: ನಮ್ಮಪ್ಪ ಅಕೀ ವಿದ್ಯಾ ತಂದs ಅಂತ ಹೇಳಿದ, ಅದು ತಪ್ಪು. ನಾನು ಹೇಳಿದೆ: ಅವಳ ತಂದೆ ಮತ್ತೆಂದೂ ಮಗ್ಗ ಮುಟ್ಟಲಿಲ್ಲ. ನನ್ನ ಬಂಗಾಳಿ ಅವತ್ತಿನಷ್ಟು ಸಲೀಸಾಗಿ ಎಂದೂ ಹರಿದಿರಲಿಲ್ಲ. ಸಂಗವ್ವ ಎಂಬ ಹೆಸರು ಆಯಿಯ ಬಾಯಿಂದ ಮೈಕಿನಲ್ಲಿ ಹಾಲಿನ ತುಂಬ ಕೇಳಿಸಿತು, ನನ್ನ ಬಾಯಿಂದ ಒಂದು ಸಲವೂ ಬರಲಿಲ್ಲ. ಆ ಜನಕ್ಕೆ ಅದು ಹೆಸರೆಂದೇ ಗೊತ್ತಾಗಿರಲಿಕ್ಕಿಲ್ಲ.

ಜನ ಎದ್ದು ನಿಂತರು. ಘೋಷಣೆ ಕೂಗಿದರು. ಹೆಂಗಸರು ಸಾಲುಗಟ್ಟಿ ಬಂದು ಆಯಿಯ ಕಾಲು ಮುಟ್ಟಿದರು, ಶುಭ್ರಾದಿ ನನ್ನನ್ನು ತಬ್ಬಿಕೊಂಡು "ನಮ್ಮ ಹುಡುಗಿ" ಎಂದರು. ಸಂದೇಶ್ ಮಿಠಾಯಿ ಕೊಟ್ಟರು, ನಾನು ಎರಡು ತಿಂದೆ.

ಮರಳಿ ಬರುವಾಗ ಬಸ್ಸಿನಲ್ಲಿ ಆಯಿ ಕಿಟಕಿಯ ಪಕ್ಕ ಕೂತಿದ್ದಳು. ಮುಖದಲ್ಲಿ ಏನೋ ಇಳಿಸಿ ಬಂದವಳ ನಿರಾಳ. "ಎಷ್ಟ ಮಂದಿ ಅಳತಿದ್ರಲ್ಲವಾ ನಮ್ಮವ್ವನ ಸಲುವಾಗಿ" ಎಂದಳು. "ಭಾಷಾ ಬರದಿದ್ರೂ ಮಂದಿ ಛಲೋ." ನನ್ನ ಕೈ ಹಿಡಿದು ಮೂಗಿನ ಹತ್ತಿರ ತಂದು ಮುದ್ದು ಕೊಟ್ಟಳು. ಅವಳ ಪಾಲಿಗೆ ಸಂಗವ್ವ ಅವತ್ತು ಮಂದಿ ಮುಂದೆ ಬಂದಿದ್ದಳು. ಈಗ ಹೇಳಿದರೆ ಅವಳ ಸಂತೋಷ ಕೆಡುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಎಷ್ಟು ಒಳ್ಳೆಯವಳು ನೋಡು ನಾನು!

ಕಥೆ ಬೆಳೆಯಿತು. ಸಂಘದವರು ಒಂದು ಕರಪತ್ರ ಹಾಕಿದರು, ಅದರಲ್ಲಿ ಹೆಬ್ಬೆರಳಿಲ್ಲದ ಕೈ. ಅದನ್ನೇ ನೋಡಿ ಯಾರೋ ಗೋಡೆಯ ಮೇಲೆ ಬರೆದರು. ನಿಮ್ಮಪ್ಪ ಡ್ಯೂಟಿಯ ಮೇಲೆ ಊರೂರು ತಿರುಗುವವರು, ಬಂದಾಗ ನಾನೇ ಅವರಿಗೂ ಅದೇ ಕಥೆ ಒಪ್ಪಿಸಿದೆ. ಅವರು ಎಂದೂ ನೋಡದ ಅಜ್ಜ, ಹೆಮ್ಮೆಪಟ್ಟರು. ಅವರಿಂದ ನಿನಗೆ ಬಂತು.

ಆಯಿ ಕರಪತ್ರದ ಚಿತ್ರವನ್ನು ಹತ್ತಿರ ಹಿಡಿದು ನೋಡಿ ಕೇಳಿದಳು: "ಸುಮೀ, ಈ ಕೈಗೆ ಹೆಬ್ಬಟ್ಟ ಯಾಕಿಲ್ಲ?" ಚಿತ್ರ ಬರೆಯುವವರು ಹಾಗೇ ಆಯಿ, ಕಣ್ಣಿಗೆ ತೋಚಿದಂತೆ ಬರೆಯುತ್ತಾರೆ ಎಂದೆ. ಅವಳು ಕರಪತ್ರವನ್ನು ಮಡಿಸಿ ನನಗೆ ಹಿಂದಕ್ಕೆ ಕೊಟ್ಟಳು.

ಆದರೆ ಅವಳಿಗೆ ಕಿವಿ ಇತ್ತು, ಅಲ್ಲವಾ? ಅಷ್ಟು ವರ್ಷ ತರಕಾರಿ, ಹಾಲು, ಕೆಲಸದವಳು ಎಂದು ಬಂಗಾಳಿಯ ನಡುವೆಯೇ ಬದುಕಿದವಳು. ಮಾತಾಡಲು ಬಾರದಿದ್ದರೂ ಆಂಗುಲ್ ಎಂದರೆ ಏನು, ಕಾಟಾ ಎಂದರೆ ಏನು ಎಂದು ತಿಳಿಯದೆ ಇರುತ್ತದೆಯೇ? ಪಕ್ಕದ ಕ್ವಾರ್ಟರ್ಸಿನಲ್ಲಿದ್ದ ಒಬ್ಬ ಅಜ್ಜಿ ಬಂದು ಅವಳ ಹೆಬ್ಬೆರಳನ್ನು ಹಿಡಿದುಕೊಂಡು, ಕತ್ತಿಯಂತೆ ಕೈಯಾಡಿಸಿ ತೋರಿಸಿ ಅತ್ತಳಂತೆ. ಅವತ್ತು ಮಧ್ಯಾಹ್ನ ಆಯಿ ಮೆಟ್ಟಿಲು ಹತ್ತಿ ನಮ್ಮ ಮನೆಗೆ ಬಂದಳು. ಅಮ್ಮ ಸ್ನಾನಕ್ಕೆ ಹೋಗಿದ್ದಳು. ಆಯಿ ಬಾಗಿಲಲ್ಲೇ ನಿಂತು ನನ್ನನ್ನು ನೋಡಿದಳು. ಕೂಗಾಡುತ್ತಾಳೆ ಎಂದುಕೊಂಡೆ, ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

"ನಮ್ಮವ್ವನ್ನ ನಮ್ಮಪ್ಪ ಒಮ್ಮೆ ಮರೆಮಾಡಿದ. ಈಗ ನೀ ಒಮ್ಮೆ" ಎಂದಳು.

ಅಷ್ಟೇ. ನಾನು ಅವಳ ಕಾಲು ಹಿಡಿದೆ. ಅವಳು ಕಾಲು ಎಳೆದುಕೊಳ್ಳಲಿಲ್ಲ, ತಲೆಯ ಮೇಲೆ ಕೈಯನ್ನೂ ಇಡಲಿಲ್ಲ. "ಅಳೂದ ಬ್ಯಾಡ. ಹೋಗಿ ಹೇಳಿ ಬಾ" ಎಂದು ಮೆಟ್ಟಿಲು ಇಳಿದುಹೋದಳು.

ಹೋಗಲಿಲ್ಲ. ಮೊದಲು ಶುಭ್ರಾದಿ ಊರಲ್ಲಿಲ್ಲ ಎಂದು. ಆಮೇಲೆ ಅವರಿಗೆ ಮೈ ಸರಿಯಿಲ್ಲ ಎಂದು. ಆಮೇಲೆ ಅವರೇ ನನಗೆ ಒಂದು ಶಾಲೆಯಲ್ಲಿ ಕೆಲಸಕ್ಕೆ ಹೇಳಿ ಕೊಡಿಸಿದ್ದರಿಂದ ಈಗ ಹೇಗೆ ಹೇಳುವುದೆಂದು. ಪ್ರತಿಸಲ ಏನೋ ಒಂದು ನೆಪ ಸಿಗುತ್ತಿತ್ತು. ಬೇಕೆಂದವಳಿಗೆ ಸಿಗದೇ ಇರುತ್ತದೆಯೇ? ಆಯಿ ಮೆಟ್ಟಿಲ ಬಳಿ ಸಿಕ್ಕಾಗ "ಹೇಳಿದೇನs?" ಎನ್ನುತ್ತಿದ್ದಳು, ಮೆಲ್ಲಗೆ, ಬೇರೆಯವರಿಗೆ ಕೇಳದಂತೆ. ನನ್ನ ಮಾನ ಕಾಯುತ್ತಿದ್ದಳು. ನಾನು ಅವಳು ಕಟ್ಟೆಯ ಮೇಲೆ ಕೂತಿದ್ದರೆ ಹಿಂದಿನ ಗೇಟಿನಿಂದ ಹೋಗಲು ಶುರುಮಾಡಿದೆ.

ನಿಮ್ಮಪ್ಪನಿಗೆ ಹುಬ್ಬಳ್ಳಿಗೆ ವರ್ಗವಾಯಿತು. ಸಾಮಾನು ಕಟ್ಟುತ್ತಿದ್ದ ದಿನ ಆಯಿ ನನ್ನನ್ನು ಕರೆಸಿದಳು. ಖಾಲಿಯಾದ ಕೋಣೆಯಲ್ಲಿ ಚಾಪೆಯ ಮೇಲೆ ಕೂತಿದ್ದಳು. ಮತ್ತೆ ಅದೇ ಕೇಳಿದಳು. ನಾನು "ಹೇಳಿದೆ ಆಯಿ" ಎಂದೆ. ಎಲ್ಲರಿಗೂ ಹೇಳಿದೆ, ಸಂಗವ್ವನ ಹೆಸರೂ ಹೇಳಿದೆ, ಶುಭ್ರಾದಿ ಬಹಳ ಬೇಜಾರು ಮಾಡಿಕೊಂಡರು, ಮುಂದಿನ ಸಭೆಯಲ್ಲಿ ಸರಿಪಡಿಸುತ್ತಾರಂತೆ. ಸುಳ್ಳಿಗೂ ಎಷ್ಟು ಕುಸುರಿ.

"ಛಲೋ ಆತು" ಎಂದಳು ಆಯಿ.

ನೀವು ಮರಳಿ ಕಲ್ಕತ್ತೆಗೆ ಬರುವ ಹೊತ್ತಿಗೆ ಅವಳು ಹುಬ್ಬಳ್ಳಿಯಲ್ಲೇ ತೀರಿಕೊಂಡಿದ್ದಳು. ನೀನು ಶಾಲೆ ಸೇರುವ ಹುಡುಗಿಯಾಗಿ ಬಂದು "ಸುಮಾ ಮಾಶಿ" ಎಂದು ಕುತ್ತಿಗೆಗೆ ಜೋತುಬಿದ್ದೆ. ನಿಮ್ಮಪ್ಪನಿಗೆ ಅವತ್ತೇ ಹೇಳಬಹುದಿತ್ತು. ಅವತ್ತಿನಿಂದ ಇವತ್ತಿನವರೆಗೆ ಯಾವ ದಿನವಾದರೂ ಹೇಳಬಹುದಿತ್ತು.

ನಿನ್ನ ಪ್ರದರ್ಶನಕ್ಕೆ ಬರುತ್ತೇನೆ ಮೀನಾ. ಬಾಗಿಲಲ್ಲಿ ಆ ಚಿತ್ರ ಇಡುವುದೋ ತೆಗೆಯುವುದೋ ನಿನಗೆ ಬಿಟ್ಟದ್ದು. ನಾನಂತೂ ಮೈಕಿನ ಮುಂದೆ ನಿಂತು ಬಂಗಾಳಿಯಲ್ಲೇ ಹೇಳುತ್ತೇನೆ — ನಿನ್ನ ಮುತ್ತಜ್ಜ ಟಿಪ್‌ಸೊಯಿ ಒತ್ತಿದ, ಆ ವಿದ್ಯೆ ಅವನದಲ್ಲ, ಅವನ ಹೆಂಡತಿ ಸಂಗವ್ವನದು, ಅದನ್ನು ಈ ಊರಿನಲ್ಲಿ ಮುಚ್ಚಿಟ್ಟವಳು ನಾನು. ಶುಭ್ರಾದಿಗೆ ಈಗ ವಯಸ್ಸಾಗಿದೆ, ಕಣ್ಣು ಕಾಣುವುದಿಲ್ಲ. ಅವರ ಮನೆಗೆ ಅದಕ್ಕಿಂತ ಮೊದಲೇ ಹೋಗಿ ಹೇಳಿ ಬರುತ್ತೇನೆ. ನೀನು ಆಮೇಲೆ ನನ್ನೊಡನೆ ಮಾತಾಡದಿದ್ದರೆ ಅದು ನ್ಯಾಯವೇ.

ಇಷ್ಟಕ್ಕೇ ಮುಗಿಯುತ್ತಿದ್ದರೆ ಚೆನ್ನಾಗಿತ್ತು. ಸಾಮಾನು ಕಟ್ಟುತ್ತಿದ್ದ ಆ ದಿನದ್ದು ಇನ್ನೂ ಒಂದು ಮಾತಿದೆ, ಅದನ್ನು ಮೇಲೆ ಹೇಳದೆ ದಾಟಿಸಿಬಿಟ್ಟೆ. ಈ ವಯಸ್ಸಿನಲ್ಲೂ ಚಾಳಿ ಹೋಗಿಲ್ಲ.

"ಛಲೋ ಆತು" ಎಂದ ಮೇಲೆ ಆಯಿ ತನ್ನ ಸೀರೆಯ ಹರಿದ ಅಂಚಿನಿಂದ ಕೆಲವು ಎಳೆ ಕಿತ್ತಳು. ಹತ್ತಿಯವು ಕೆಲವು, ರೇಷ್ಮೆಯವು ಕೆಲವು. ಕಾಲಿನ ಹೆಬ್ಬೆರಳಿಗೆ ಒಂದು ಕಡೆ ಸಿಕ್ಕಿಸಿಕೊಂಡು ಇನ್ನೊಂದು ಕಡೆ ನನ್ನ ಕೈಗೆ ಕೊಟ್ಟಳು, ಬಿಗಿಯಾಗಿ ಹಿಡಿ ಎಂದು. "ಅವ್ವ ಬಿಡೂಕಿಂತ ಮೊದಲ ನಾ ನೋಡಿ ನೋಡಿ ಕಲತಿದ್ದೆ. ಅಕಿಗೂ ಗೊತ್ತಿರಲಿಲ್ಲ. ನನ್ನ ಸೊಸಿಗೆ ಇದರ ಮ್ಯಾಲೆ ಮನಸ್ಸಿಲ್ಲ, ಮೀನಾ ಸಣ್ಣಾಕಿ, ಅಕಿ ಕಲಿಯೂತನಾ ನಾ ಇರಂಗಿಲ್ಲ. ನೀ ಇಟಗೋ, ಅಕಿ ದೊಡ್ಡಾಕಿ ಆದಾಗ ಹೇಳಿಕೊಡು. ನೋಡ, ಹಿಂಗ" ಎಂದು ಹಾಕಲು ಶುರುಮಾಡಿದಳು. ಅವಸರ ಮಾಡಲಿಲ್ಲ. ಒಂದೊಂದು ಎಳೆಗೂ ನಿಲ್ಲಿಸಿ, ತಿಳೀತಾ ಎಂದು ಕೇಳಿದಳು. ಪ್ರತಿಸಲವೂ ನಾನು ತಿಳೀತು ಎಂದೆ.

ಈಗ ನೀನು ಕೇಳುತ್ತೀಯ, ಕೇಳದೆ ಇರುವುದಿಲ್ಲ — ಮತ್ತೆ ಹೇಗೆ ಹಾಕುವುದು ಮಾಶಿ, ತೋರಿಸಿ.

ನನಗೆ ಗೊತ್ತಿಲ್ಲ. ಆ ಸಾಹೇಬನಾದರೂ ಕಣ್ಣಿಟ್ಟು ನೋಡಿದ, ಬರೆಸಿಕೊಂಡ. ನಾನು ಅವಳ ಬೆರಳು ನೋಡಲೇ ಇಲ್ಲ. ಅಷ್ಟು ಹೊತ್ತೂ ಅವಳ ಮುಖವನ್ನೇ ನೋಡುತ್ತಿದ್ದೆ, ನನ್ನ ಸುಳ್ಳನ್ನು ನಂಬಿದಳೋ ಇಲ್ಲವೋ ಎಂದು.